ಸೂಳೆಕೆರೆ ಅಂದ್ರೆ ಏನಪ್ಪ ಅಂತ ಮಗಳು ಕೇಳಿದಳು. ಏನು ಹೇಳಲಿ?

ಕೆರೆಏರಿ
ಹೋದ ಭಾನುವಾರ ಚನ್ನಗಿರಿಯಲ್ಲಿ ನೆಂಟರ ಮನೆ ಗೃಹಪ್ರವೇಶ ಇತ್ತು. ಊಟ ಮುಗಿಸಿ ವಾಪಸ್ ಬರುವಾಗ ಕೆರೆ ತೋರಿಸೋಣ ಅಂತ ಮಗಳನ್ನು ಏರಿ ಮೇಲೆ ಕರೆದುಕೊಂಡು ಹೋದೆ. ಬೋರ್ಡಿನಲ್ಲಿ ‘ಶಾಂತಿಸಾಗರ’ ಅಂತಿದೆ. ಕಡಲೆಕಾಯಿ ಮಾರುತ್ತಿದ್ದ ಅಜ್ಜಿ ಮಾತ್ರ ‘ಸೂಳೆಕೆರೆ ಗಾಳಿ ಜಾಸ್ತಿ, ಮಗೀಗೆ ಕಿವಿಗೆ ಬಟ್ಟೆ ಕಟ್ಟಪ್ಪ’ ಅಂದರು. ಮಗಳು ಐದನೇ ಕ್ಲಾಸು. ‘ಅಪ್ಪ, ಅದು ಬೈಗುಳ ಅಲ್ವಾ? ಕೆರೆಗೆ ಯಾಕೆ ಬೈದಿದ್ದಾರೆ?’ ಅಂತ ಕೇಳಿಬಿಟ್ಟಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ಕೊಕ್ಕರೆ ತೋರಿಸಿದೆ.

ಮನೆಗೆ ಬಂದ ಮೇಲೆ ಯೋಚನೆ ಮಾಡಿದರೆ ನನಗೇ ಗೊತ್ತಿಲ್ಲ. ಸೂಳೆ ಅನ್ನೋ ಪದ ಎಲ್ಲಿಂದ ಬಂತು? ವೇಷ ಹಾಕಿಕೊಳ್ಳುವವಳು ವೇಶ್ಯೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಹೌದಾ? ಇಂಗ್ಲಿಷಿನ ಪ್ರಾಸ್ಟಿಟ್ಯೂಷನ್ ಅನ್ನೋದರ ಮೂಲ ಏನು? ತಿಳಿದವರು ಹೇಳಿ. ಮಗಳು ಇನ್ನೊಂದು ಸಲ ಕೇಳೇ ಕೇಳುತ್ತಾಳೆ.

ಬಿಸಿ ಬಜ್ಜಿ
ಮುಂದಿನ ಸಲ ಕೊಕ್ಕರೆ ಬದಲು ಬಾತುಕೋಳಿ ತೋರಿಸಿ.

ಹಳೇ ಮೇಷ್ಟ್ರು
ವೇಷ ಅಲ್ಲ ಸ್ವಾಮಿ. ಅದು ಷ, ಇದು ಶ. ಉಚ್ಚಾರದಲ್ಲಿ ನಾವು ಎರಡನ್ನೂ ಒಂದೇ ಮಾಡಿಕೊಂಡಿದ್ದರಿಂದ ಈ ಕತೆ ಹುಟ್ಟಿದೆ. ಸಂಸ್ಕೃತದಲ್ಲಿ ‘ವಿಶ್’ ಅಂದರೆ ಒಳಗೆ ಹೋಗು, ನೆಲೆಸು. ಅದರಿಂದ ‘ವೇಶ’, ಅಂದರೆ ಮನೆ, ವಾಸದ ಜಾಗ. ಆಮೇಲೆ ಆ ಪದ ಗಣಿಕೆಯರ ಕೇರಿಗೇ ನಿಂತಿತು. ಆ ಕೇರಿಯವಳು ವೇಶ್ಯೆ. ಅಷ್ಟೇ. ಬಟ್ಟೆಬರೆಗೂ ಅದಕ್ಕೂ ಸಂಬಂಧ ಇಲ್ಲ.

ನೀವು ಉಂಡು ಬಂದ ಗೃಹಪ್ರವೇಶದಲ್ಲೂ ಅದೇ ಧಾತು ಇದೆ. ಸೈಟು ಕೊಳ್ಳುತ್ತೀರಲ್ಲ, ‘ನಿವೇಶನ’, ಅದರಲ್ಲೂ ಅದೇ.

ಬಿಸಿ ಬಜ್ಜಿ
ಮೇಷ್ಟ್ರೇ, ನಿನ್ನೆ ತಾನೇ ಮೂವತ್ತು ನಲವತ್ತರ ನಿವೇಶನಕ್ಕೆ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ. ಮನೆಯಲ್ಲಿ ಹೇಗೆ ಹೇಳಲಿ?

ತಕ್ಕಡಿ
ಹಾಗಾದರೆ ‘ವೈಶ್ಯ’ ಕೂಡ ಅದೇನಾ? ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೀಗೇ ಒಂದು ಮೆಸೇಜ್ ಹಾಕಿ ದೊಡ್ಡ ಜಗಳ ಆಯಿತು. ವ್ಯಾಪಾರ ಮಾಡುವವರು ಅಂತ ಎರಡಕ್ಕೂ ಒಂದೇ ಅರ್ಥ ಅಂತೆ.

ಹಳೇ ಮೇಷ್ಟ್ರು
@ತಕ್ಕಡಿ ಧಾತು ಒಂದೇ, ದಾರಿ ಬೇರೆ. ‘ವಿಶ್’ಗೆ ನೆಲೆಸಿದ ಜನ, ಪ್ರಜೆ ಅನ್ನುವ ಅರ್ಥವೂ ಇದೆ, ವೇದದ ಕಾಲದಿಂದಲೇ. ಅಲ್ಲಿಂದ ವೈಶ್ಯ. ಮನೆ ಅನ್ನೋ ಅರ್ಥದಿಂದ ವೇಶ್ಯೆ. ಎರಡರಲ್ಲೂ ವ್ಯಾಪಾರದ ಮಾತೇ ಇಲ್ಲ. ಆ ಮೆಸೇಜ್ ಹಾಕಿದವರಿಗೆ ಇದನ್ನು ಕಳಿಸಿ. ಜಗಳ ನಿಲ್ಲುತ್ತದೆ ಅಂತ ಮಾತ್ರ ಭರವಸೆ ಕೊಡಲ್ಲ.

ಮಾಜಿ ಸೆಮಿನರಿ
ಇಂಗ್ಲಿಷ್ ಪದಕ್ಕೆ ನಾನು ಬರುತ್ತೇನೆ. ಎರಡು ವರ್ಷ ಲ್ಯಾಟಿನ್ ಓದಿ, ಪಾದ್ರಿಯಾಗದೆ ಓಡಿ ಬಂದವನು ನಾನು. ಲ್ಯಾಟಿನ್‌ನಲ್ಲಿ ‘ಪ್ರೊ’ ಅಂದರೆ ಮುಂದೆ, ‘ಸ್ಟಾಟ್ಯುಯೆರೆ’ ಅಂದರೆ ನಿಲ್ಲಿಸು. ಎರಡೂ ಸೇರಿ ‘ಪ್ರೋಸ್ಟಿಟ್ಯುಯೆರೆ’: ಜನರ ಎದುರಿಗೆ ತಂದು ನಿಲ್ಲಿಸು, ಮಾರಾಟಕ್ಕೆ ಇಡು. ಸಂತೆಯಲ್ಲಿ ದನ ಕಟ್ಟಿ ನಿಲ್ಲಿಸುತ್ತಾರಲ್ಲ, ಆ ಥರ. ಸ್ಟ್ಯಾಚ್ಯೂ ಅನ್ನೋದೂ ಅದೇ ಬೇರಿನದು. ನಮ್ಮ ‘ಪ್ರ’ ಮತ್ತು ‘ಸ್ಥಾ’ ಇವಕ್ಕೆ ದಾಯಾದಿಗಳು. ಇಂದ್ರಪ್ರಸ್ಥ, ವಾನಪ್ರಸ್ಥ ಅಂತೀವಲ್ಲ, ಅದೇ ಎರಡು ತುಂಡು.

ನನಗೆ ಕುತೂಹಲ ಅನ್ನಿಸಿದ್ದು ಇನ್ನೊಂದು. ‘ಪ್ರೋಸ್ಟಿಟ್ಯೂಟಾ’ ಅನ್ನೋದು ಲ್ಯಾಟಿನ್‌ನಲ್ಲಿ ಕರ್ಮಣಿ ರೂಪ. ನಿಂತವಳು ಅಲ್ಲ, ನಿಲ್ಲಿಸಲ್ಪಟ್ಟವಳು. ಅಂದರೆ ನಿಲ್ಲಿಸಿದವನು ಇನ್ನೊಬ್ಬ ಇದ್ದಾನೆ. ಬೈಗುಳ ಮಾತ್ರ ನಿಂತವಳಿಗೆ.

ಬಿಸಿ ಬಜ್ಜಿ
ಇಂದ್ರಪ್ರಸ್ಥ, ವಾನಪ್ರಸ್ಥ ಸರಿ. ಮದುವೆ ಮನೆ ಪ್ರಸ್ಥ ಯಾಕೆ ಬಿಟ್ಟಿರಿ?

ಮಾಜಿ ಸೆಮಿನರಿ
ಗುರುವೇ, ನಾನು ಪಾದ್ರಿ ಆಗಬೇಕಿದ್ದವನು.

ಮೈಸೂರು ಮಲ್ಲಿಗೆ ಗಿಡ
ಗ್ರೀಕ್‌ನಲ್ಲಿ ‘ಪೋರ್ನೆ’ ಅಂದರೆ ವೇಶ್ಯೆ. ಮಾರು ಅನ್ನೋ ಕ್ರಿಯಾಪದದಿಂದ ಬಂದದ್ದು. ಈಗ ಮೊಬೈಲಿನಲ್ಲಿ ಸರ್ಕಾರ ಬ್ಲಾಕ್ ಮಾಡುವ ಪದದ ಅಜ್ಜಿ ಅದೇ. ಲ್ಯಾಟಿನ್‌ನಲ್ಲೇ ಇನ್ನೊಂದು ಪದ ಇದೆ, ‘ಮೆರೆಟ್ರಿಕ್ಸ್’, ದುಡಿದು ಸಂಪಾದಿಸುವವಳು. ಅದೇ ಬೇರಿನಿಂದ ‘ಮೆರಿಟ್’.

ತಕ್ಕಡಿ
ಮಗನಿಗೆ ಸಿಇಟಿಯಲ್ಲಿ ಮೆರಿಟ್ ಸೀಟು ಸಿಕ್ಕಿದೆ ಅಂತ ಬೀದಿಗೆಲ್ಲ ಪೇಡ ಹಂಚಿದ್ದೆ ಮಾರಾಯರೇ!

ಏಕಲವ್ಯ99
ಏನೇ ಅನ್ನಿ, ಜಗತ್ತಿನ ಅತಿ ಹಳೆಯ ವೃತ್ತಿ ಅದು. ಆದಿ ಮಾನವನ ಕಾಲದಿಂದ ಇದೆ ಅಂತ ಎಲ್ಲ ಗ್ರಂಥಗಳಲ್ಲೂ ಇದೆ.

ಮೈಸೂರು ಮಲ್ಲಿಗೆ ಗಿಡ
ಯಾವ ಗ್ರಂಥ ಅಣ್ಣಾ? ಆ ಮಾತು ಓಡಾಡಲು ಶುರುವಾದದ್ದು ಕಿಪ್ಲಿಂಗ್ 1889ರಲ್ಲಿ ಬರೆದ ಲಾಹೋರಿನ ಒಂದು ಕತೆಯಿಂದ. ಅದಕ್ಕಿಂತ ಹಳೆಯ ವೃತ್ತಿ ಬೇಕಾದಷ್ಟಿವೆ. ಕಲ್ಲು ಕೆತ್ತುವುದು, ಬೇಟೆ, ಸೂಲಗಿತ್ತಿ ಕೆಲಸ.

ಏಕಲವ್ಯ99
ಸರಿ ಬಿಡಿ, ಎರಡನೇ ಹಳೆಯದು.

ಶಾಸನಪ್ರಿಯ
ಎಲ್ಲರೂ ಲ್ಯಾಟಿನ್ ಗ್ರೀಕ್ ಸುತ್ತಿ ಬಂದಿರಿ. ಪ್ರಶ್ನೆ ‘ಸೂಳೆ’ ಬಗ್ಗೆ ಇತ್ತು.

ಬಾದಾಮಿ ಹತ್ತಿರ ಮಹಾಕೂಟಕ್ಕೆ ಹೋದವರು ಇದ್ದೀರಾ? ಅಲ್ಲಿ ಮಹಾಕೂಟೇಶ್ವರ ಗುಡಿಯಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ ಒಂದು ಕನ್ನಡ ಶಾಸನ ಇದೆ. ಅವನು ಆಳಿದ್ದು 696ರಿಂದ 733. ಶಾಸನ ಇರುವುದು ವಿನಾಪೋಟಿ ಅನ್ನುವವಳ ಬಗ್ಗೆ. ಅರಸನ ‘ಪ್ರಾಣವಲ್ಲಭೆ’ ಅಂತ ಕರೆದು, ಅದೇ ಉಸಿರಿಗೆ ‘ಸೂಳೆ’ ಅಂತಲೂ ಹೇಳುತ್ತದೆ. ಆಕೆ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದಳು, ಬೆಳ್ಳಿ ಕೊಡೆ ಕೊಟ್ಟಳು, ಹೊಲ ಬಿಟ್ಟಳು.

ಈಗ ಭಾಷೆ ಗಮನಿಸಿ. ವಿನಾಪೋಟಿ ಅಂತ ಬರೆದಿಲ್ಲ, ‘ವಿನಾಪೋಟಿಗಳ್’ ಅಂತ ಬರೆದಿದೆ. ಈಗಿನ ಮಾತಿನಲ್ಲಿ ‘ವಿನಾಪೋಟಿಯವರು’. ಸೂಳೆ ಅನ್ನೋದಕ್ಕೂ ಬಹುವಚನವೇ. ಅಜ್ಜಿ ರೇವಮಂಚಳ್, ತಾಯಿ ಕುಚಿಪೋಟಿ, ಆಮೇಲೆ ಈಕೆ. ಮೂರು ತಲೆಮಾರಿನ ಹೆಂಗಸರ ಹೆಸರು ಸಾಲಾಗಿದೆ, ಮೂವರಿಗೂ ‘ಗಳ್’. ಅಪ್ಪನ ಹೆಸರು ಇಲ್ಲ, ಯಾರೂ ಕೇಳಿಲ್ಲ. ಕೆತ್ತಿದವನಿಗಾಗಲಿ ಕೆತ್ತಿಸಿದವರಿಗಾಗಲಿ ಆ ಪದ ಬೈಗುಳ ಆಗಿರಲಿಲ್ಲ ಅಂತಾಯಿತು. ಬೈಗುಳ ಆಗಿದ್ದರೆ ದೇವರ ಮುಂದೆ ಕಲ್ಲಿನಲ್ಲಿ ಯಾರು ಹಾಕಿಸಿಕೊಳ್ಳುತ್ತಾರೆ?

ಗೋಳಗುಮ್ಮಟ
ಶಾಸನಪ್ರಿಯ ಅವರೇ, ತಿದ್ದುಪಡಿ. ಮಹಾಕೂಟದ ಕಂಬ ಈಗ ಮಹಾಕೂಟದಲ್ಲಿ ಇಲ್ಲ. ನಮ್ಮ ವಿಜಯಪುರದ ಮ್ಯೂಸಿಯಂನಲ್ಲಿದೆ. ನಾನೇ ನೋಡಿದ್ದೇನೆ.

ಶಾಸನಪ್ರಿಯ
ನೀವು ನೋಡಿದ್ದು ಮಂಗಳೇಶನ ಜಯಸ್ತಂಭ. ಅದು ಈ ಶಾಸನಕ್ಕಿಂತ ನೂರು ವರ್ಷ ಹಳೆಯದು, ಅದರ ಭಾಷೆ ಸಂಸ್ಕೃತ. ನಾನು ಹೇಳಿದ್ದು ಬೇರೆ.

ಗೋಳಗುಮ್ಮಟ
ಓಹ್. ಸರಿ ಸಾರ್.

ಹಳೇ ಮೇಷ್ಟ್ರು
ಪದದ ಮೂಲಕ್ಕೆ ಬಂದರೆ, ಸಂಸ್ಕೃತ ಕೋಶಗಳಲ್ಲಿ ‘ಶೂಲಾ’ ಅನ್ನೋ ಪದಕ್ಕೆ ವೇಶ್ಯೆ ಅಂತ ಒಂದು ಅರ್ಥ ಇದೆ. ಅದರ ತದ್ಭವ ಸೂಳೆ ಅನ್ನಬಹುದು. ಆದರೆ ನನಗೆ ಮೊದಲಿನಿಂದ ಅನುಮಾನ. ಹಳಗನ್ನಡದಲ್ಲಿ ‘ಸೂಳ್’ ಅಂದರೆ ಸರದಿ. ಪಂಪನ ಕರ್ಣನಿಗೆ ಭೀಷ್ಮ ಹೇಳುವ ‘ಸೂಳ್ಪಡೆಯಲಪ್ಪುದು’ ಯಾರಿಗೆ ಮರೆತಿದೆ? ನಿನಗೂ ಸರದಿ ಬರುತ್ತದೆ ಅಂತ. ಗುಡಿಯಲ್ಲಿ ಸರದಿಯ ಮೇಲೆ ಸೇವೆ ಮಾಡುವವಳು ಸೂಳೆ ಅಂತ ಯಾಕಾಗಬಾರದು?

ಶಾಸನಪ್ರಿಯ
ಆಗಬಾರದು ಅಂತಲ್ಲ ಮೇಷ್ಟ್ರೇ. ಆದರೆ ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಳಕಾರಗಳನ್ನು ರಳ (ಈಗ ಬಿಟ್ಟುಹೋದ ೞ), ಕುಳ (ಕನ್ನಡದ್ದೇ ಳ), ಕ್ಷಳ (ಸಂಸ್ಕೃತದ ಲ ಬದಲಾಗಿ ಆದ ಳ) ಅಂತ ಬೇರೆ ಬೇರೆ ಇಟ್ಟಿದ್ದು ಸುಮ್ನೆ ಅಲ್ಲ. ಶೂಲಾದಿಂದ ಬಂದಿದ್ದರೆ ಕ್ಷಳ ಆಗಬೇಕು. ಸರದಿಯ ಸೂಳ್ ಯಾವ ಳ ಅಂತ ಹಳೆಯ ಪ್ರತಿಗಳಲ್ಲಿ ನೋಡಿ, ಆಮೇಲೆ ಎರಡನ್ನೂ ಕೂಡಿಸಿ. ಕಿವಿಗೆ ಒಂದೇ ಥರ ಕೇಳಿಸಿತು ಅಂತ ಅಂಟಿಸಿದರೆ, ವೇಷಕ್ಕೆ ವೇಶ್ಯೆ ಅಂಟಿಸಿದ ಆಫೀಸಿನವರಿಗೂ ನಮಗೂ ಏನು ವ್ಯತ್ಯಾಸ?

ಹಳೇ ಮೇಷ್ಟ್ರು
ಪೆಟ್ಟು ಸರಿಯಾಗಿ ಬಿತ್ತು. ಒಪ್ಪಿದೆ. ಆದರೂ ಸರದಿಯ ಆಸೆ ಬಿಟ್ಟಿಲ್ಲ.

ಅಕ್ಕನ ಅಂಗಳ
ಹನ್ನೆರಡನೇ ಶತಮಾನದ ಸೂಳೆ ಸಂಕವ್ವನನ್ನು ಯಾರೂ ನೆನೆಸಲಿಲ್ಲವಲ್ಲ! ಶರಣೆ. ಸಿಕ್ಕಿರುವುದು ಒಂದೇ ವಚನ. ಅಂಕಿತ ನೋಡಿ, ‘ನಿರ್ಲಜ್ಜೇಶ್ವರ’. ಲಜ್ಜೆ ಇಲ್ಲದವಳು ಅಂತ ಊರು ಹೇಳುತ್ತಿದ್ದ ಮಾತನ್ನೇ ಎತ್ತಿ ದೇವರಿಗೆ ಹೆಸರಿಟ್ಟುಬಿಟ್ಟಳು.

ಆ ವಚನದಲ್ಲಿ ‘ಒತ್ತೆ’ ಅನ್ನೋ ಪದ ಬರುತ್ತದೆ. ಗಿರಾಕಿ ಮೊದಲೇ ಕೊಡುವ ಹಣ, ಅವರ ವೃತ್ತಿಯ ಮಾತು. ಒಬ್ಬನ ಒತ್ತೆ ಹಿಡಿದ ಮೇಲೆ ಇನ್ನೊಬ್ಬನದು ಹಿಡಿಯಬಾರದು. ಅದು ಅವರ ಕಟ್ಟಳೆ. ಅದನ್ನೇ ಭಕ್ತಿಗೆ ತಿರುಗಿಸಿದ್ದಾಳೆ. ಈಗ ನಾವು ಒಡವೆ ಒತ್ತೆ ಇಡುತ್ತೇವೆ. ವಿಮಾನ ಅಪಹರಣ ಆದರೆ ‘ಒತ್ತೆಯಾಳು’ ಅಂತೇವೆ. ಪದ ಸಂಕವ್ವನ ಮನೆಯಲ್ಲೂ ಇತ್ತು ಅಂತ ಯಾರಿಗೂ ನೆನಪಿಲ್ಲ.

ಚನ್ನಗಿರಿ ಎಕ್ಸ್‌ಪ್ರೆಸ್
ನಮ್ಮೂರ ಕೆರೆ ವಿಷಯ ನಾನು ಹೇಳುತ್ತೇನೆ. ಶಾಂತವ್ವ ಅಂತ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಳು. ನೀರು ನಿಲ್ಲುವ ಜಾಗ ಸೂಳೆಯರ ಕೇರಿಗೆ ಸೇರಿತ್ತು. ಕೆರೆಗೆ ನಮ್ಮ ಹೆಸರು ಇಡುವುದಾದರೆ ಜಾಗ ಬಿಟ್ಟುಕೊಡುತ್ತೇವೆ ಅಂದರು. ಆಕೆ ಒಪ್ಪಿದಳು. ಹೆಸರು ನಿಂತಿತು. ಇಷ್ಟೇ ಕತೆ. ಎರಡು ಗುಡ್ಡದ ನಡುವೆ ಗಿಡ್ಡ ಏರಿ, ಸಿದ್ಧನ ತೂಬು, ಬಸವನ ತೂಬು. ಚಿತ್ರದುರ್ಗದವರು ಕುಡಿಯುವುದೂ ಇದೇ ನೀರು.

ದಾವಣಗೆರೆ ಬೆಣ್ಣೆ
ನಮ್ಮ ಅಜ್ಜಿ ಹೇಳುತ್ತಿದ್ದ ಕತೆ ಬೇರೆ. ಶಾಂತವ್ವ ಸಿದ್ಧೇಶ್ವರನನ್ನು ಮೆಚ್ಚಿ ಹೋದಳು. ವಾಪಸ್ ಬಂದಾಗ ಅಪ್ಪನೇ ಅವಳನ್ನು ಸೂಳೆ ಅಂದ. ಆ ಮಾತಿನ ನೋವಿಗೆ ಕೆರೆ ಕಟ್ಟಿಸಿದಳು.

ಚನ್ನಗಿರಿ ಎಕ್ಸ್‌ಪ್ರೆಸ್
ಅದು ದಾವಣಗೆರೆ ಕತೆ. ಕೆರೆ ನಮ್ಮದು.

ದಾವಣಗೆರೆ ಬೆಣ್ಣೆ
ಜಿಲ್ಲೆ ನಮ್ಮದು ಕಣಯ್ಯ.

ಮೈಸೂರು ಮಲ್ಲಿಗೆ ಗಿಡ
ಎರಡು ಕತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಸೂಳೆ ಅನ್ನೋದು ಅವರೇ ಕೇಳಿ ಪಡೆದ ಹೆಸರು. ಇನ್ನೊಂದರಲ್ಲಿ ಅಪ್ಪ ಬೈದ ಬೈಗುಳ. ಈಗಿನ ಬೋರ್ಡಿನಲ್ಲಿ ಎರಡೂ ಇಲ್ಲ. ಜಾಗ ಕೊಟ್ಟವರ ಜೊತೆ ಆದ ಒಪ್ಪಂದವನ್ನು ಮುರಿದ ಹಾಗಲ್ವಾ ಇದು? ನನಗಂತೂ ಶಾಂತಿಸಾಗರ ಅಂತ ಬರೆಯಲು ಮನಸ್ಸು ಬರುವುದಿಲ್ಲ.

ಏಕಲವ್ಯ99
ಮೇಡಂ, ಸುಮ್ನೆ ದೊಡ್ಡದು ಮಾಡಬೇಡಿ. ಮದುವೆ ಪತ್ರಿಕೆಯಲ್ಲಿ ‘ಸೂಳೆಕೆರೆ ಕಲ್ಯಾಣ ಮಂಟಪ’ ಅಂತ ಹಾಕಿಸುತ್ತೀರಾ?

ಚನ್ನಗಿರಿ ಎಕ್ಸ್‌ಪ್ರೆಸ್
ಹಾಕಿಸುತ್ತೇವೆ. ನನ್ನ ಮದುವೆ ಪತ್ರಿಕೆಯಲ್ಲಿ ಬಸ್ಸಿನ ದಾರಿಗೆ ಅದೇ ಹೆಸರಿತ್ತು. ಯಾರೂ ದಾರಿ ತಪ್ಪಲಿಲ್ಲ.

ಗೋಳಗುಮ್ಮಟ
ಹುನಗುಂದದ ಕಡೆ ಸೂಳೇಭಾವಿ ಅಂತ ಊರಿದೆ. ನೇಕಾರರ ಊರು, ಸೀರೆಗೆ ಹೆಸರಾದದ್ದು. ಬೆಳಗಾವಿ ತಾಲೂಕಿನಲ್ಲೂ ಅದೇ ಹೆಸರಿನ ಇನ್ನೊಂದು ಊರಿದೆ. ಅಲ್ಲಿನವರು ವಿಳಾಸ ಬರೆಯುವಾಗ ನಾಚಿಕೊಂಡದ್ದು ನಾನು ನೋಡಿಲ್ಲ.

ರಿಚ್ಮಂಡ್ ಟೌನ್ ರಮೇಶ
ಬೆಂಗಳೂರಲ್ಲಿ ನಮ್ಮ ಏರಿಯಾಗೆ ಶೂಲೆ ಅಂತಾರೆ. ಫುಟ್ಬಾಲ್ ಸ್ಟೇಡಿಯಂ ಇರುವುದು ಶೂಲೆ ಕೆರೆ ಅಂಗಳದಲ್ಲಿ. ಚಿಕ್ಕವನಿದ್ದಾಗ ಇದೇ ಕಾರಣಕ್ಕೆ ನನ್ನನ್ನು ರೇಗಿಸುತ್ತಿದ್ದರು. ಆಮೇಲೆ ಪಕ್ಕದ ಮನೆ ತಮಿಳು ತಾತ ಹೇಳಿದರು, ‘ಸೂಳೈ’ ಅಂದರೆ ತಮಿಳಿನಲ್ಲಿ ಇಟ್ಟಿಗೆ ಗೂಡು ಕಣೋ ಅಂತ. ಮದ್ರಾಸಿನಲ್ಲೂ ಅದೇ ಹೆಸರಿನ ಏರಿಯಾ ಇದೆ. ಅಂದಿನಿಂದ ನಾನು ಗೂಡಿನವನು.

ಹಂಪಿ ಬಂಡೆ
ಹಂಪಿಯಲ್ಲಿ ಅಚ್ಯುತರಾಯ ಗುಡಿ ಎದುರಿನ ಬೀದಿಯನ್ನು ಸೂಳೆ ಬಜಾರ್ ಅಂತ ತೋರಿಸುತ್ತಾರೆ. ನಾನು ಗೈಡ್. ಹೆಂಗಸರು ಮಕ್ಕಳು ಇದ್ದ ಗುಂಪು ಬಂದರೆ ‘ನರ್ತಕಿಯರ ಬೀದಿ’ ಅನ್ನುತ್ತೇನೆ, ಕಾಲೇಜು ಹುಡುಗರು ಬಂದರೆ ಅವರೇ ಮೊದಲು ಹೇಳಿ ನಗುತ್ತಾರೆ. 1443ರಲ್ಲಿ ಬಂದ ಪರ್ಷಿಯಾದ ಅಬ್ದುಲ್ ರಜಾಕ್, ಊರಿನ 12,000 ಕಾವಲುಗಾರರ ಸಂಬಳ ಈ ಕೇರಿಗಳ ತೆರಿಗೆಯಿಂದ ಹೋಗುತ್ತಿತ್ತು ಅಂತ ಬರೆದಿದ್ದಾನೆ. ಇದನ್ನು ಹೇಳಿದಾಗ ಮಾತ್ರ ಎಲ್ಲ ಗುಂಪಿನವರೂ ಒಂದು ನಿಮಿಷ ಸುಮ್ಮನಾಗುತ್ತಾರೆ.

ಏಕಲವ್ಯ99
ಹೊಸದೇನಲ್ಲ. ಕೌಟಿಲ್ಯನೇ ‘ಗಣಿಕಾಧ್ಯಕ್ಷ’ ಅಂತ ಒಬ್ಬ ಅಧಿಕಾರಿ ಇಟ್ಟಿದ್ದ. ಗಣಿಕೆಗೆ ಮನೆ ಹೂಡಲು ಸಾವಿರ ಪಣ ಕೊಡುತ್ತಿದ್ದರು. ಬಿಡುಗಡೆ ಬೇಕು ಅಂದರೆ ಅವಳು 24,000 ಪಣ ಕಟ್ಟಬೇಕು. ಇದು ಗ್ರಂಥದಲ್ಲಿ ಇದೆ, ಈ ಸಲ ಹುಡುಕಿಯೇ ಬಂದೆ 😀

ಮೈಸೂರು ಮಲ್ಲಿಗೆ ಗಿಡ
ಶಹಬ್ಬಾಸ್. ಗಣಿಕೆ ಅನ್ನೋದು ‘ಗಣ’ದಿಂದ, ಗುಂಪು. ಉರ್ದುವಿನ ‘ತವಾಯಿಫ್’ ಕೂಡ ಅರಬ್ಬಿಯಲ್ಲಿ ಗುಂಪು ಅನ್ನೋ ಪದದ ಬಹುವಚನ. ಎಲ್ಲಿಂದ ಎಲ್ಲಿಗೆ ನೋಡಿ.

ಹೊಸಪೇಟೆ ಹುಡುಗಿ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮಜ್ಜಿ ಬಸವಿ. ಇಲ್ಲಿ ಆ ಪದ ಇನ್ನೂ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದೇವರಿಗೆ ಬಸವ ಬಿಡುತ್ತಾರಲ್ಲ, ಹಾಗೆ ಹೆಣ್ಣು ಮಗಳನ್ನು ಬಿಟ್ಟರೆ ಬಸವಿ. ‘ಬಿಡುವುದು’ ಅಂತಲೇ ಹೇಳುವುದು, ಮದುವೆ ಮಾಡುವುದು ಅಂತಲ್ಲ. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಒಬ್ಬಳನ್ನು ಬಿಡುತ್ತಿದ್ದರು. ಅವಳಿಗೆ ಮಗನ ಹಕ್ಕು. ಹೊಲ ಅವಳ ಹೆಸರಿಗೆ, ಅಪ್ಪ ಸತ್ತರೆ ಕೊಳ್ಳಿ ಇಡುವವಳೂ ಅವಳೇ. ನಮ್ಮಜ್ಜಿ ಇಟ್ಟಿದ್ದಾಳೆ. ಊರಲ್ಲಿ ಅವಳನ್ನು ‘ಬಸವಿ’ ಅಂತ ಕರೆದರೆ ಓ ಅನ್ನುತ್ತಿದ್ದಳು. ಅದು ಅವಳ ಲೆಕ್ಕದಲ್ಲಿ ಬೈಗುಳ ಅಲ್ಲ, ಗೌಡಿಕೆ ಇದ್ದ ಹಾಗೆ. ಅದೇ ಪದ ಪೇಟೆಗೆ ಬರುವಷ್ಟರಲ್ಲಿ ‘ಬೀದಿ ಬಸವಿ’ ಆಗಿತ್ತು. ಅದು ನಮ್ಮಮ್ಮನ ಪಾಲಿಗೆ ಬಂತು.

ನನ್ನ ಪಾಲಿಗೆ ಬಂದದ್ದು ಶಾಲೆಯ ಅರ್ಜಿ. ‘ತಂದೆಯ ಹೆಸರು’ ಅಂತ ಇದ್ದ ಗೆರೆ ಮೇಲೆ ಅಮ್ಮ ದೇವರ ಹೆಸರು ಬರೆಸಿದಳು. ಗುಮಾಸ್ತರು ಓದಿ ನಕ್ಕು, ‘ಇನಿಷಿಯಲ್ ಏನು ಹಾಕಲಿ?’ ಅಂತ ಜೋರಾಗಿ ಕೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಾಸನಪ್ರಿಯ ಅವರು ಅಪ್ಪನ ಹೆಸರು ಯಾರೂ ಕೇಳಿಲ್ಲ ಅಂತ ಬರೆದದ್ದನ್ನು ಎರಡು ಸಲ ಓದಿದೆ.

ಒಂದು ಮಾತ್ರ ಹೇಳುತ್ತೇನೆ, ಹಳೆ ಕಾಲದಲ್ಲಿ ಗೌರವ ಇತ್ತು ಅಂತ ಜಾಸ್ತಿ ಹಾಡಬೇಡಿ. ನಮ್ಮಜ್ಜಿಯನ್ನು ಬಿಟ್ಟಾಗ ಅವಳಿಗೆ ಹನ್ನೆರಡು ವರ್ಷ. ಯಾರೂ ಅವಳನ್ನು ಕೇಳಿರಲಿಲ್ಲ.

ಮಾಜಿ ಸೆಮಿನರಿ
ಅಕ್ಕಾ, ‘ಬಿಡುವುದು’. ನಾನು ಲ್ಯಾಟಿನ್‌ನ ಕರ್ಮಣಿ ಅಂತ ಅಷ್ಟುದ್ದ ಬರೆದೆ. ನೀವು ಕನ್ನಡದ ಒಂದೇ ಕ್ರಿಯಾಪದದಲ್ಲಿ ತೋರಿಸಿದಿರಿ.

ಶಾಸನಪ್ರಿಯ
ಒಪ್ಪಿದೆ. ಶಾಸನ ಹಾಕಿಸುವಷ್ಟು ಹಣ ಇದ್ದವರ ಹೆಸರು ಮಾತ್ರ ನಮಗೆ ಸಿಗುತ್ತದೆ. ಅದನ್ನು ಮೊದಲೇ ಹೇಳಬೇಕಿತ್ತು.

ಕರಿಕೋಟು
ಕಾನೂನಿನ ಮಾತು ಸ್ವಲ್ಪ. ದೇವದಾಸಿ ಬಿಡುವುದನ್ನು ನಮ್ಮಲ್ಲಿ 1982ರ ಕಾಯ್ದೆ ನಿಷೇಧಿಸಿತು. ವೇಶ್ಯಾವಾಟಿಕೆಗೆ ಇರುವುದು 1956ರ ಕಾಯ್ದೆ. ಮೊದಲು ಅದರಲ್ಲಿ ಬಾಡಿಗೆಗೆ ದೇಹ ಒಡ್ಡುವ ‘ಹೆಂಗಸು’ ಅಂತ ವ್ಯಾಖ್ಯೆ ಇತ್ತು. 1986ರಲ್ಲಿ ತಿದ್ದಿದರು. ಈಗ ವ್ಯಾಪಾರಕ್ಕಾಗಿ ವ್ಯಕ್ತಿಗಳ ಲೈಂಗಿಕ ಶೋಷಣೆ ಅಂತ ಇದೆ. ಅಂದರೆ ಕಾನೂನಿನ ಕಣ್ಣು ಅವಳಿಂದ ನಿಲ್ಲಿಸಿದವನ ಕಡೆಗೆ ತಿರುಗಿತು, ಕಾಗದದ ಮೇಲಾದರೂ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲ. ವಯಸ್ಕಳು ತಾನಾಗಿ ಈ ಕೆಲಸ ಮಾಡುವುದೇ ಅಪರಾಧ ಅಲ್ಲ. ಮನೆ ನಡೆಸುವುದು, ಅವಳ ದುಡಿಮೆಯಲ್ಲಿ ಬದುಕುವುದು, ಬೀದಿಯಲ್ಲಿ ಕರೆಯುವುದು ಅಪರಾಧ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇವರನ್ನು ಘನತೆಯಿಂದ ನಡೆಸಿಕೊಳ್ಳಿ ಅಂತ ಪೊಲೀಸರಿಗೆ ಹೇಳಿತು. 2023ರಲ್ಲಿ ತೀರ್ಪುಗಳಲ್ಲಿ ಪ್ರಾಸ್ಟಿಟ್ಯೂಟ್ ಬದಲು ಸೆಕ್ಸ್ ವರ್ಕರ್ ಅಂತ ಬರೆಯಿರಿ ಅಂತ ಕೈಪಿಡಿಯನ್ನೂ ತಂದಿತು.

ಅಚ್ಚುಮೊಳೆ
ನಾನು ಪತ್ರಿಕೆಯೊಂದರಲ್ಲಿ ಡೆಸ್ಕ್ ಕೆಲಸ ಮಾಡುವವನು. ವಾರಕ್ಕೊಮ್ಮೆ ಈ ಸುದ್ದಿ ಬರುತ್ತದೆ: ‘ವೇಶ್ಯಾವಾಟಿಕೆ ಅಡ್ಡೆ ಮೇಲೆ ದಾಳಿ, ಇಬ್ಬರು ಮಹಿಳೆಯರ ರಕ್ಷಣೆ’. ವೇಶ ಅಂದರೆ ಮನೆ ಅಂತ ಮೇಷ್ಟ್ರು ಹೇಳಿದರು. ವಾಟಿಕೆ ಅಂದರೆ ಬೇಲಿ ಹಾಕಿದ ಜಾಗ, ತೋಟ, ಅಶೋಕವಾಟಿಕೆ ಗೊತ್ತಲ್ಲ. ಅದರ ಮೇಲೆ ಅಡ್ಡೆ. ಒಂದು ಶೀರ್ಷಿಕೆಯಲ್ಲಿ ಮೂರು ಜಾಗ, ಗಿರಾಕಿ ಮಾತ್ರ ಎಲ್ಲೂ ಇಲ್ಲ.

‘ಲೈಂಗಿಕ ಕಾರ್ಯಕರ್ತೆ’ ಅಂತ ಬರೆದರೆ ಪಕ್ಷದ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಥರ ಕೇಳುತ್ತದೆ ಅಂತ ಹಿರಿಯರು ತೆಗೆಯುತ್ತಾರೆ. ಸರ್ಕಾರಿ ಕಾಗದದಲ್ಲಿ ‘ದಮನಿತ ಮಹಿಳೆಯರು’. ಅದನ್ನು ಓದಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಮ್ಮೆ ವರದಿಗೆ ಹೋಗಿದ್ದಾಗ ಒಬ್ಬ ಹೆಂಗಸನ್ನೇ ಕೇಳಿದೆ, ನಿಮ್ಮನ್ನು ಏನಂತ ಬರೆಯಲಿ ಅಂತ. ‘ದಂಧೆ ಮಾಡ್ತೀನಿ ಅಂತ ಬರಿ. ಇಲ್ಲ ಅಂದ್ರೆ ಇಬ್ಬರು ಮಕ್ಕಳ ತಾಯಿ ಅಂತ ಬರಿ. ಎರಡೂ ಸುಳ್ಳಲ್ಲ’ ಅಂದರು. ನಾನು ಎರಡನೆಯದನ್ನು ಬರೆದೆ. ಡೆಸ್ಕಿನಲ್ಲಿ ಕತ್ತರಿ ಬಿತ್ತು.

ತಕ್ಕಡಿ
ಬೈಗುಳದ ವಿಷಯಕ್ಕೆ ಬಂದರೆ, ರಂಡೆ ಮುಂಡೆ ಎರಡೂ ಮೂಲದಲ್ಲಿ ವಿಧವೆಗೆ ಅಲ್ವಾ? ನಮ್ಮಜ್ಜಿ ಮೊಮ್ಮಕ್ಕಳನ್ನು ‘ಬಾರೋ ಮುಂಡೇದೆ, ತುಪ್ಪ ಹಾಕ್ತೀನಿ’ ಅಂತಲೇ ಕರೆಯುತ್ತಿದ್ದರು. ಅವರೂ ತಲೆ ಬೋಳಿಸಿಕೊಂಡವರೇ. ಈಗ ಯೋಚಿಸಿದರೆ ಹೇಗೋ ಆಗುತ್ತದೆ.

ಮಾಡರೇಟರ್
ನಡುವೆ ಬಂದಿದ್ದ ಮೂರು ಪ್ರತಿಕ್ರಿಯೆ ತೆಗೆದಿದ್ದೇವೆ. ಪದದ ಬಗ್ಗೆ ಚರ್ಚೆ ಮಾಡಿ, ಪದವನ್ನು ಒಬ್ಬರ ಮೇಲೊಬ್ಬರು ಎಸೆಯಬೇಡಿ.

ಕೆರೆಏರಿ
ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ರಾತ್ರಿ ಮಗಳಿಗೆ ಹೇಳಿದೆ. ಆ ಕೆಲಸ ಏನು ಅಂತ ಅವಳ ವಯಸ್ಸಿಗೆ ತಕ್ಕಷ್ಟು, ಆಮೇಲೆ ಜಾಗ ಬಿಟ್ಟುಕೊಟ್ಟ ಕತೆ. ದಾವಣಗೆರೆಯವರು ಕ್ಷಮಿಸಿ, ಚನ್ನಗಿರಿ ಕತೆಯನ್ನೇ ಹೇಳಿದೆ. ‘ಅವರಿಗೆ ಹೆಸರು ಇರಲಿಲ್ವಾ? ಎಲ್ಲರಿಗೂ ಸೇರಿ ಒಂದೇ ಹೆಸರಾ?’ ಅಂದಳು. ವಿನಾಪೋಟಿ, ಕುಚಿಪೋಟಿ, ರೇವಮಂಚಳ್ ಅಂತ ಹೇಳಿದೆ. ರೇವಮಂಚಳ್ ಹೆಸರು ಬಹಳ ಇಷ್ಟ ಆಗಿದೆ, ಬೆಳಿಗ್ಗೆ ಬೆಕ್ಕಿಗೆ ಇಟ್ಟಿದ್ದಾಳೆ. ದಸರಾ ರಜೆಗೆ ಮಹಾಕೂಟಕ್ಕೆ ಹೋಗಬೇಕಂತೆ. ಬಾದಾಮಿಯಿಂದ ಬಸ್ ಇದೆಯಾ?

ಗೋಳಗುಮ್ಮಟ
ಬಸ್ ನಂಬಬೇಡಿ, ಬಾದಾಮಿಯಲ್ಲಿ ಆಟೋ ಮಾಡಿಕೊಳ್ಳಿ. ಹೊಂಡದ ನೀರು ತಣ್ಣಗಿರುತ್ತದೆ, ಮಗುವಿಗೆ ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ.

ಬಿಸಿ ಬಜ್ಜಿ
ರೇವಮಂಚಳ್‌ಗಳಿಗೆ ಹಾಲು ಹಾಕಿದಿರಾ?